ಗುಬ್ಬಿಗೆ ಹೋದ ಹಂಸ

ನಮ್ಮ ಕಾನ್ವೆಂಟಿನ ಲೈಬ್ರರಿಯಲ್ಲಿ ‘ಸೈಲೆನ್ಸ್ ಪ್ಲೀಸ್’ ಅಂತ ಒಂದು ಬೋರ್ಡಿತ್ತು. ಅದಕ್ಕೆ ಹೆದರಿ ಹುಡುಗಿಯರು ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು. ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಮಾತ್ರ ಆ ಬೋರ್ಡನ್ನು ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಅವತ್ತು ಅವರ ಅಮ್ಮಂದಿರು ಬರುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನಲ್ಲಿ ನಾನು ಓದಿದ ಶಾಲೆಯಲ್ಲೇ ಟೀಚರಾಗಿ ಸೇರಿದ್ದೆ. ‘ಯಂಗ್ ಆಂಡ್ ಫುಲ್ ಆಫ್ ಐಡಿಯಾಸ್’ ಎಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನ ಬಗ್ಗೆ ಹೇಳುತ್ತಿದ್ದರು. ಅದು ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ಗೊತ್ತಿಲ್ಲ. ಫ್ಯಾಮಿಲಿ ಸ್ಯಾಟರ್‌ಡೇ ನನ್ನದೇ ಐಡಿಯಾ. ಹೊಸ ಪುಸ್ತಕಗಳನ್ನು ಉದ್ದ ಮೇಜಿನ ಮೇಲೆ ಹರಡುತ್ತಿದ್ದೆವು. ಪುಟ್ಟ ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿ ಕತೆ ಹೇಳುತ್ತಿದ್ದೆ. ಹಳೇ ಮ್ಯಾಗಜೀನುಗಳನ್ನು ಬೇಕಾದವರು ಒಯ್ಯಬಹುದಿತ್ತು. ಇದೆಲ್ಲಕ್ಕಿಂತ ಮುಖ್ಯವಾಗಿ, ಮಗಳ ಕಾರ್ಡಿನ ಮೇಲೆ ಮನೆಗೊಂದು ಪುಸ್ತಕ, ಮುಂದಿನ ತಿಂಗಳವರೆಗೆ.

ಸಿಸ್ಟರ್‌ಗೆ ಈ ಕೊನೆಯದು ಹಿಡಿಸಿರಲಿಲ್ಲ. ಅವರು ಮಂಗಳೂರಿನ ಕಡೆಯವರು, ಬಲು ಶಿಸ್ತು. ಶಾಲೆಯ ಪುಸ್ತಕ ಮನೆಗೆ ಹೋದರೆ ಮಜ್ಜಿಗೆ ಪಾತ್ರೆಯ ಮುಚ್ಚಳವಾಗುತ್ತದೆ ಅನ್ನುವುದು ಅವರ ವಾದ. ಕಡೆಗೆ ಸೆಪ್ಟೆಂಬರ್‌ವರೆಗೆ ಟ್ರಯಲ್ ಎಂದರು. ಸೆಪ್ಟೆಂಬರಿನ ಕೊನೇ ಶನಿವಾರ ಪ್ರತಿಯೊಂದು ಪುಸ್ತಕವೂ ವಾಪಸ್ ಬಂದಿರಬೇಕು. ಬಾರದಿದ್ದರೆ ಅಮ್ಮಂದಿರ ಶನಿವಾರ ಬಂದ್.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಸಪ್ಪಗಾದವರು ಗುಬ್ಬಿಯಿಂದ ಬರುತ್ತಿದ್ದ ಒಬ್ಬ ತಾಯಿ. ಮಗಳು ನಮ್ಮ ಐದನೇ ಕ್ಲಾಸು. ತಾಯಿಯ ತವರು ಕುಣಿಗಲ್, ಕುದುರೆ ಫಾರಂ ಪಕ್ಕದಲ್ಲೇ ಮನೆ. ಚಿಕ್ಕಂದಿನಲ್ಲಿ ಬೆಳಗಾಗೆದ್ದು ಬೇಲಿ ಹಿಡಿದು ನಿಂತು ಕುದುರೆಗಳನ್ನು ನೋಡುತ್ತಿದ್ದರಂತೆ. ಓದುವ ಆಸೆ ಬೆಟ್ಟದಷ್ಟು, ಎಂಟನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಗುಬ್ಬಿಯ ಮನೆಯಲ್ಲಿ ಅತ್ತೆಯದೇ ದರ್ಬಾರು. ಯಾಕೆ, ಏನು ಎಂದು ಕೇಳಿಸಿಕೊಳ್ಳದೆ ಅವರು ಬಸ್ಸು ಹತ್ತಬಹುದಾಗಿದ್ದದ್ದು ತಿಂಗಳಿಗೆ ಆ ಒಂದು ದಿನ, ಅದೂ ಮಗಳ ಸ್ಕೂಲಿನ ಹೆಸರು ಹೇಳಿ. ಬಂದಾಗಲೆಲ್ಲ ಮೆತ್ತಗೆ ಕೇಳುವರು, ಕುದುರೆ ಪುಸ್ತಕ ಬಂತಾ ಮಿಸ್ ಅಂತ. ಬಂದಿರುತ್ತಿರಲಿಲ್ಲ. ಆಗಸ್ಟಿನಲ್ಲಿ ನಾನು ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಪ್ರಾಣಿಗಳ ಶೆಲ್ಫಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಒಳಗೆಲ್ಲ ಕಲರ್ ಚಿತ್ರ.

ಸೆಪ್ಟೆಂಬರಿನ ಆ ಶನಿವಾರ ಬಂತು. ಅಮ್ಮಂದಿರೂ ಬಂದರು, ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ಉಸಲಿಯ ಡಬ್ಬಿ. ಒಬ್ಬರ ಕೈಯಲ್ಲೂ ಪುಸ್ತಕವಿಲ್ಲ.

ಆ ವರ್ಷ ನವರಾತ್ರಿ ಬೇಗ ಬಂದಿತ್ತು. ಸಿಸ್ಟರ್ ತಾರೀಕು ಹಾಕಿದ್ದು ಆಫೀಸಿನ ಇಂಗ್ಲಿಷ್ ಕ್ಯಾಲೆಂಡರ್ ನೋಡಿ, ಅದರಲ್ಲಿ ನವರಾತ್ರಿ ಎಲ್ಲಿಂದ ಬರಬೇಕು. ಇತ್ತ ಮನೆಮನೆಯಲ್ಲೂ ಪುಸ್ತಕಗಳನ್ನು ಜೋಡಿಸಿ ಸರಸ್ವತಿಯನ್ನು ಕೂರಿಸಿಯಾಗಿತ್ತು. ಒಮ್ಮೆ ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಆ ಪುಸ್ತಕಗಳನ್ನು ಅಲುಗಿಸುವಂತಿಲ್ಲ, ತೆರೆಯುವಂತಿಲ್ಲ. ಲೈಬ್ರರಿಯದನ್ನೇ ಯಾಕೆ ಇಟ್ಟಿರಿ ಎಂದರೆ, ಮನೆಯಲ್ಲಿರುವ ಪುಸ್ತಕಗಳಲ್ಲಿ ಗಟ್ಟಿಮುಟ್ಟಾಗಿ ಲಕ್ಷಣವಾಗಿರುವುದು ಅದೇ ಅಂತ ಎಲ್ಲರದೂ ಒಂದೇ ಉತ್ತರ. ನಮ್ಮಮ್ಮನೂ ನನ್ನ ಬ್ಯಾಗಿನಿಂದ ಶಾಲೆಯ ಅಟ್ಲಾಸನ್ನು ಎತ್ತಿ ಪೂಜೆಗಿಟ್ಟಿದ್ದರು. ಇದು ನನಗೆ ತಿಳಿದದ್ದು ಅವತ್ತು ಬೆಳಿಗ್ಗೆ.

ಸಿಸ್ಟರ್ ಖಾಲಿ ಶೆಲ್ಫಿನ ಮುಂದೆ ಕೈಕಟ್ಟಿ ನಿಂತರು.

“ನಾಟ್ ಈವನ್ ವನ್,” ಎಂದರು. “ಪೂಜೆಯಲ್ಲಿ ಉಂಟೋ, ರದ್ದಿ ಅಂಗಡಿಯಲ್ಲಿ ಉಂಟೋ, ನನಗೆ ಹೇಗೆ ಗೊತ್ತಾಗಬೇಕು?”

ಹಿಂದಿನ ಬೆಂಚಿನಿಂದ ಆ ಗುಬ್ಬಿಯ ತಾಯಿ ಎದ್ದು ನಿಂತರು.

“ಬಂದು ನೋಡಿ ಸಿಸ್ಟರ್. ನಾಳೆ ನಮ್ಮನೇಲಿ ಗೊಂಬೆ ಆರತಿ ಇದೆ, ನೀವೂ ಮಿಸ್ಸೂ ಬನ್ನಿ.”

ಅತ್ತೆಯನ್ನು ಕೇಳದೆ ಮನೆಗೆ ಅತಿಥಿಗಳನ್ನು ಕರೆದಿದ್ದರು. ಆ ಮನೆಯಲ್ಲಿ ಅದು ಸಣ್ಣ ಧೈರ್ಯವಲ್ಲ. ಸಿಸ್ಟರ್ ಒಂದು ಕ್ಷಣ ಅವರನ್ನೇ ನೋಡಿ, ಆಗಲಿ ಎಂದರು.

ಭಾನುವಾರ ಚರ್ಚು ಮುಗಿಸಿಕೊಂಡು ಸಿಸ್ಟರ್ ನನ್ನ ಜೊತೆ ಗುಬ್ಬಿಯ ಬಸ್ಸು ಹತ್ತಿದರು. ಮನೆಯಲ್ಲಿ ಅತ್ತೆಯೇ ಬಾಗಿಲಿಗೆ ಬಂದು ಸಂಭ್ರಮದಿಂದ ಒಳಗೆ ಕರೆದೊಯ್ದರು. ಹತ್ತಿರದ ಕಡಬದ ಕಡೆಯ ಅಜ್ಜಿ, ಕಣ್ಣು ಮಂಜು, ಗಂಟಲು ಮಾತ್ರ ಗಟ್ಟಿ. ಪಟ್ಟದ ಗೊಂಬೆಗಳ ಪಕ್ಕದಲ್ಲಿ ಒಂದು ಮಣೆ, ಅದರ ಮೇಲೆ ಮಕ್ಕಳ ಪಠ್ಯಪುಸ್ತಕಗಳು, ಎಲ್ಲದರ ಮೇಲೆ ನಮ್ಮ ಲೈಬ್ರರಿಯ ದಪ್ಪ ಪುಸ್ತಕ. ಮೇಲೆ ರವಿಕೆ ಕಣ ಹೊದಿಸಿ ಸೇವಂತಿಗೆ ಇಟ್ಟಿದ್ದರು. ಕಣದ ಅಂಚಿನಿಂದ ಒಂದು ಬಿಳಿಯ ಹಕ್ಕಿ ಒಕ್ಕಣ್ಣಿನಲ್ಲಿ ನಮ್ಮನ್ನೇ ನೋಡುತ್ತಿತ್ತು. ಅದರ ತಲೆಯ ಕೆಂಪು ಜುಟ್ಟು ಮುಚ್ಚುವಂತೆ ಸರಿಯಾಗಿ ಒಂದು ಹೂವು ಕೂತಿತ್ತು.

ಆಗ ನನಗೆ ನೆನಪಾಯಿತು. ನಾನು ಕೊಟ್ಟಿದ್ದು ಕೋಳಿ ಸಾಕಣೆಯ ಪುಸ್ತಕ. ಇದು ಮೊಟ್ಟೆ ಅನ್ನುವ ಮಾತು ಬಂದರೂ ಬಾಯಿ ಮುಕ್ಕಳಿಸುವ ಮನೆ.

“ನೋಡಿ ಸಿಸ್ಟ್ರಮ್ಮ, ಅಮ್ನೋರ ಹಂಸ ಎಂಗೆ ಬೆಳ್ಳಗೆ ಕುಂತೈತೆ,” ಎಂದರು ಅಜ್ಜಿ. “ಒಳಗೆ ಏನ್ ಬರ್ದವ್ರೆ ಅಂತ ಕೇಳುದ್ರೆ ನಮ್ ಸೊಸೆ ಬಾಯೇ ಬುಡಕಿಲ್ಲ. ನೀವಾದ್ರೂ ಏಳಿ.”

ಸೊಸೆ ಆರತಿ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದರು. ಸಿಸ್ಟರ್ ನಿಜ ಹೇಳಿದರೆ ಈ ಮನೆಯಿಂದ ಆಕೆ ಇನ್ನೊಂದು ಶನಿವಾರ ಹೊರಡುವುದು ಸುಳ್ಳು. ನಮ್ಮ ಸಿಸ್ಟರ್ ಸುಳ್ಳು ಹೇಳುವವರೂ ಅಲ್ಲ. ಅವರು ಬಗ್ಗಿ ಆ ಬಿಳಿ ಹಕ್ಕಿಯನ್ನು ಚೆನ್ನಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆಮೇಲೆ ಅಜ್ಜಿಯ ಕಡೆ.

“ಬಾಯಿಲ್ಲದ ಜೀವಗಳನ್ನು ಪ್ರೀತಿಯಿಂದ ನೋಡಿಕೊಳ್ಳುವುದು ಹೇಗೆ ಅಂತ ಉಂಟು ಅಜ್ಜಿ. ಹೊತ್ತಿಗೆ ಸರಿಯಾಗಿ ಕಾಳು, ಶುದ್ಧ ನೀರು, ಮಲಗಲಿಕ್ಕೆ ಬೆಚ್ಚಗಿನ ಜಾಗ.”

ಅಜ್ಜಿ ತಲೆದೂಗಿದರು. “ಧರ್ಮದ್ ಮಾತು. ಇಂಥವೇ ಓದ್ಸಿ ನಮ್ ಸೊಸೆಗೆ. ತಿಂಗ್ಳು ತಿಂಗ್ಳೂ ನಾನೇ ಕಳಿಸ್ತೀನಿ ಬುಡಿ.”

ಸೊಸೆ ಆರತಿ ಬೆಳಗಿದರು. ಉಸಲಿ ತಿಂದೆವು, ತಾಂಬೂಲ ತೆಗೆದುಕೊಂಡೆವು. ವಾಪಸ್ ಬಸ್ಸಿನಲ್ಲಿ ಸಿಸ್ಟರ್ ಅರ್ಧ ದಾರಿಯವರೆಗೆ ಕಿಟಕಿಯಾಚೆಯ ತೆಂಗಿನ ತೋಟ ನೋಡುತ್ತಾ ಬಿಗಿಯಾಗಿ ಕೂತಿದ್ದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು.

“ನಾನು ಹೇಳಿದ್ದರಲ್ಲಿ ಸುಳ್ಳು ಎಂತದೂ ಇಲ್ಲ ಅಲ್ವಾ ಮಾರಾಯ್ತಿ?”

ನಾಟ್ ಅಟ್ ಆಲ್ ಸಿಸ್ಟರ್, ಅಂದೆ.

ವಿಜಯದಶಮಿ ಕಳೆದು ಶಾಲೆ ತೆರೆದಾಗ ಪುಸ್ತಕಗಳೆಲ್ಲ ಬಂದವು, ರಟ್ಟಿನ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು. ನಾನು ಒರೆಸಲು ಬಟ್ಟೆ ತಂದರೆ ಸಿಸ್ಟರ್ ಬೇಡವೆಂದರು. ಟ್ರಯಲ್ ಮಾತನ್ನು ಅವರು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಅಮ್ಮಂದಿರ ಶನಿವಾರ ಎಂಬತ್ತರ ದಶಕದುದ್ದಕ್ಕೂ ನಡೆಯಿತು. ಆಫೀಸಿನಲ್ಲಿ ಇಂಗ್ಲಿಷ್ ಕ್ಯಾಲೆಂಡರಿನ ಪಕ್ಕ ಒಂದು ಪಂಚಾಂಗವೂ ತೂಗುಬಿತ್ತು.

ಮುಂದಿನ ದಸರೆಯ ಹೊತ್ತಿಗೆ ಸಿಸ್ಟರ್ ಬೆಂಗಳೂರಿನಿಂದ ಕುದುರೆಗಳ ಪುಸ್ತಕವನ್ನೇ ತರಿಸಿದರು. ಗುಬ್ಬಿಯ ತಾಯಿ ಅದನ್ನು ಎದೆಗೊತ್ತಿಕೊಂಡು ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೋಳಿ ಪುಸ್ತಕವನ್ನು ಸಿಸ್ಟರ್ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಸೇಫ್ ಅಂದುಕೊಂಡೆವು. ನಾಲ್ಕು ದಿನ ಕಳೆಯುವುದರೊಳಗೆ, ಈಗ ಆರನೇ ಕ್ಲಾಸಿಗೆ ಬಂದಿದ್ದ ಮಗಳು ಅಜ್ಜಿಯ ಮಾತು ಹೊತ್ತು ತಂದಳು: ಕುದುರೆ ಓದೋಕಿರಲಿ, ಪೂಜೆಗೆ ಹಂಸ ಕಳಿಸಬೇಕಂತೆ.

ಸಿಸ್ಟರ್ ಬೀಗ ತೆಗೆದರು. ಪುಸ್ತಕವನ್ನು ಬ್ರೌನ್ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಹುಡುಗಿಯ ಕೈಗಿತ್ತರು. ಆಮೇಲೆ ಅಜ್ಜಿ ಇರುವವರೆಗೂ ಪ್ರತಿ ನವರಾತ್ರಿಗೆ ನಮ್ಮ ಬಿಳಿ ಕೋಳಿ ಗುಬ್ಬಿಗೆ ಹೋಗಿ ಬರುತ್ತಿತ್ತು.