ಅಣ್ಣನ ಸೊಂಟದ ಪಟ್ಟಿ

ಕುಮಟಾ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ ಹೊಲಿಯುವುದಿಲ್ಲ. ಹೊಲಿದರೆ ಊರ ಹೆಂಗಸರ ಮುನಿಸನ್ನೆಲ್ಲ ತಲೆಯ ಮೇಲೆ ಹೊರಬೇಕು. ನನ್ನದೇನಿದ್ದರೂ ಚೀಲ, ಚೀಲದ ಪಟ್ಟಿ, ಸ್ಕೂಟರಿನ ಸೀಟು, ಬೆಲ್ಟು. ಗಿರಾಕಿಗಳ ಕಣ್ಣಿಗೆ ಮಿನುಗುವ ಪಟ್ಟಿಯೆಲ್ಲ ನೈಲಾನೇ. ಅದರಲ್ಲೂ ಬೇರೆ ಬೇರೆ ಬಗೆಯಿದೆ ಎಂದು ವಿವರಿಸಲು ಹೋದರೆ ಆಕಳಿಸುತ್ತಾರೆ.

ಅಣ್ಣ ಕಾಯ್ಕಿಣಿಯಲ್ಲಿ ತೆಂಗಿನಕಾಯಿ ಕೊಯ್ಯುವವನು. ಈಗ ಎಲ್ಲರಂತೆ ಅವನೂ ಮರ ಹತ್ತುವ ಯಂತ್ರ ಇಟ್ಟುಕೊಂಡಿದ್ದಾನೆ. ತುದಿ ಮುಟ್ಟಿದ ಮೇಲೆ ಸೊಂಟದ ಬೆಲ್ಟನ್ನು ಮರಕ್ಕೆ ಸುತ್ತಿ, ಕೊಕ್ಕೆ ಸಿಕ್ಕಿಸಿ, ಮೈಭಾರವನ್ನು ಅದರ ಮೇಲೆ ಬಿಟ್ಟು ಎರಡೂ ಕೈಯಲ್ಲಿ ಕಾಯಿ ಕೊಯ್ಯುತ್ತಾನೆ. ಯಂತ್ರದ ಜೊತೆ ಬಂದಿದ್ದ ಬೆಲ್ಟು ಸವೆದಾಗ ನನ್ನ ಹತ್ತಿರ ಬಂದ.

"ಎಂತದ್ರಲ್ಲಾದ್ರೂ ಹೊಲಿ ತಂಗಿ. ಮಳಿಗಾಲದಲ್ಲಿ ಕೊಳೀಬಾರ್ದು, ಅಷ್ಟೇ," ಅಂದ.

ಅಣ್ಣನ ಜೀವ ತೂಗುವ ಪಟ್ಟಿ ಎಂದ ಮೇಲೆ ನಾನೂ ಸುಮ್ಮನೆ ಕತ್ತರಿ ಹಿಡಿಯಲಿಲ್ಲ. ಹತ್ತಿ, ನೈಲಾನ್, ಪಾಲಿಯೆಸ್ಟರ್, ಪೇಟೆಯಲ್ಲಿ ಪಿ.ಪಿ. ಎಂದು ಕರೆಯುವ ಹಗುರ ಪ್ಲಾಸ್ಟಿಕ್ ನೂಲಿನದು, ಹೀಗೆ ನಾಲ್ಕು ತುಂಡು ತೆಗೆದು ಒಂದು ದಿನವಿಡೀ ಬಕೆಟ್ಟಿನ ನೀರಿನಲ್ಲಿ ನೆನೆಸಿದೆ. ಹತ್ತಿ ಸೊಂಟಕ್ಕೆ ಮೆತ್ತಗೆ, ಆದರೆ ನಮ್ಮ ಮಳೆಗೆ ಬೇಗ ಕೊಳೆತು ಲಡ್ಡಾಗುತ್ತದೆ. ನೈಲಾನ್ ಗಟ್ಟಿ, ಆದರೆ ನೀರು ಕುಡಿದು ಭಾರ ಕಟ್ಟಿದಾಗ ಹಿಗ್ಗಿತು. ಪಾಲಿಯೆಸ್ಟರ್ ಹಿಗ್ಗಲಿಲ್ಲ, ಆದರೆ ಕೈಗೆ ತೂಕವೆನಿಸಿತು. ಪಿ.ಪಿ. ಮಾತ್ರ ಕೆಸುವಿನೆಲೆಯ ಹಾಗೆ, ಕೊಡವಿದರೆ ಹನಿ ಉಳಿಯಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಅದರಲ್ಲೇ ಎರಡು ಪದರ ಇಟ್ಟು ಹೊಲಿದುಕೊಟ್ಟೆ.

ನಾವು ಕರಾವಳಿಯವರು ಚಪ್ಪಲಿ ಕೊಳ್ಳುವಾಗಲೂ ಮಳೆಗಾಲವನ್ನೇ ನೆನೆಯುವ ಮಂದಿ. ಬಿಸಿಲಿನಿಂದ ಏನಾದರೂ ಕೆಟ್ಟೀತು ಎಂದು ನಮಗೆ ಹೊಳೆಯುವುದೇ ಇಲ್ಲ. ಹಪ್ಪಳ, ಕೊಬ್ಬರಿ, ಹಾಸಿಗೆ, ಎಲ್ಲದಕ್ಕೂ ಬಿಸಿಲೇ ಮದ್ದು.

ಎರಡು ಬೇಸಿಗೆ ಕಳೆದವು. ಅಂಗಡಿ ಮುಂದಿನ ನೆರಳಿನ ಟಾರ್ಪಾಲನ್ನು ಅಣ್ಣನ ಬೆಲ್ಟು ಹೊಲಿದು ಉಳಿದ ಹಸಿರು ಪಿ.ಪಿ. ಪಟ್ಟಿಯಿಂದ ಕಟ್ಟಿದ್ದೆ. ಒಂದು ಬೆಳಿಗ್ಗೆ ಅದನ್ನು ಬಿಗಿ ಮಾಡೋಣವೆಂದು ಎಳೆದರೆ ಪಟಕ್ಕನೆ ತುಂಡಾಯಿತು. ಅಂಗೈ ತುಂಬ ಹಸಿರು ಪುಡಿ. ನೀರಿಗೆ ಜಗ್ಗದ ನೂಲು ಬಿಸಿಲಿಗೆ ಸುಟ್ಟ ಹಪ್ಪಳವಾಗಿತ್ತು. ಇದೇ ಪಟ್ಟಿ ಅಣ್ಣನ ಸೊಂಟದಲ್ಲಿತ್ತು.

ಅಣ್ಣನಿಗೆ ಫೋನು ಮಾಡಿದೆ. ಎತ್ತಿದವರು ಅವನು ಅಂದು ಕೆಲಸಕ್ಕೆ ಹೋಗಿದ್ದ ತೋಟದ ಮನೆಯಮ್ಮ. "ಅಂವ ಈಗ ಮರದ ಮೇಲೆ ಇದ್ದ. ಫೋನು ಇಲ್ಲೇ ಬಿಟ್ಟಿಕ್ಕಿ ಹೋಯ್ದ. ಅಂವಂಗೆ ಎಂತ ಹೇಳವು?"

"ಅಮ್ಮಾ, ಬೆಲ್ಟಿನ ಮೇಲೆ ಮೈ ಬಿಡ್ಬೇಡ ಅನ್ನಿ. ಮರ ತಬ್ಬಿ ಹಿಡ್ಕಂಡೇ ಇಳೀಲಿ. ಈಗ್ಲೇ!"

ಅವರು ಕೂಗಿದ್ದು ನನಗೆ ಕೇಳಿಸಿತು. ಆಮೇಲೆ ಬಹಳ ಹೊತ್ತು ಕಾಗೆಯ ಸದ್ದು ಮಾತ್ರ. ಕೊನೆಗೆ ಅಣ್ಣನ ದನಿ: "ಎಂತ ಆತು ಮಾರಾಯ್ತಿ?" ನನಗೆ ಅಳು ಬಂತು.

ಅಂಗಡಿ ಮುಚ್ಚಿ ಭಟ್ಕಳದ ಬಸ್ಸು ಹತ್ತಿದೆ. ಹೊನ್ನಾವರ ದಾಟುವವರೆಗೂ ಅಂಗೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದೆ. ಅಣ್ಣನ ಮನೆಯಂಗಳದಲ್ಲಿ ಆ ಬೆಲ್ಟು ತಂತಿಯ ಮೇಲೆ ನೇತಾಡುತ್ತಿತ್ತು.

"ಬೂಷ್ಟು ಹಿಡೀಬಾರ್ದು ಅಂತ ಕೆಲ್ಸ ಇಲ್ದಾಗೆಲ್ಲ ಬಿಸ್ಲಿಗೆ ಹಾಕ್ತೆ," ಅಂದ, ಹೊಗಳಿಸಿಕೊಳ್ಳುವವನ ಹಾಗೆ.

ಒಂದು ತುದಿ ಅವನಿಗೆ ಕೊಟ್ಟು ಇನ್ನೊಂದನ್ನು ನಾನು ಹಿಡಿದೆ. ಮೊದಲ ಸಲ ಜಗ್ಗಿದಾಗ ತಡೆಯಿತು. ಎರಡನೆಯ ಸಲಕ್ಕೆ ಹೊಲಿಗೆಯ ಪಕ್ಕದಲ್ಲೇ ಹರಿದು ನಾನು ಅಂಗಳದಲ್ಲಿ ಕುಕ್ಕರಿಸಿ ಬಿದ್ದೆ. ಅಣ್ಣ ನಗಲಿಲ್ಲ. ಹರಿದ ತುದಿಯನ್ನೇ ನೋಡುತ್ತ ನಿಂತ.

"ಅಪ್ಪ ದಿನಾ ಮರ ಹತ್ತೂ ಮೊದ್ಲು ಹಗ್ಗ ಜಗ್ಗಿ, ತಿರುಚಿ ನೋಡ್ತಿದ್ದ. ನೀ ಎಂತಕ್ಕೆ ನೋಡ್ಲಿಲ್ಲ?" ಎಂದು ರೇಗಿದೆ. ತಪ್ಪು ನನ್ನದು, ರೇಗಾಟವೂ ನನ್ನದೇ.

"ನೀ ಹೊಲ್ದದ್ದಲ್ವಾ," ಅಂದ ಅಣ್ಣ. "ಅದ್ರಲ್ಲಿ ನೋಡೂದೆಂತ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ.

ಹೊಸದನ್ನು ಪಾಲಿಯೆಸ್ಟರಿನಲ್ಲಿ ಹೊಲಿದೆ. ಬಿಸಿಲು, ಮಳೆ ಎರಡಕ್ಕೂ ಅದು ಬೇಗ ಸೋಲುವುದಿಲ್ಲ. ಆದರೂ ಯಾವ ನೂಲೂ ಶಾಶ್ವತವಲ್ಲ, ದಿನಾ ನೋಡಲೇಬೇಕು ಎಂದು ಅಣ್ಣನ ಕೈಯಿಂದ ಆಣೆ ಹಾಕಿಸಿಕೊಂಡೆ. ಮರುವಾರ ಅವನೇ ಅಂಗಡಿಗೆ ಬಂದ. ಬೆಲ್ಟನ್ನು ಮೇಜಿನ ಕಾಲಿಗೆ ಸುತ್ತಿ ಜಗ್ಗಿದ, ಮಡಚಿದ, ಹೊಲಿಗೆಯ ಸಾಲಿನ ಮೇಲೆ ಉಗುರು ಎಳೆದ.

"ಇಲ್ಲೊಂದು ಕಡೆ ಸಡ್ಲ ಕಾಣ್ತದೆ. ಮತ್ತೆ ಹಾಕ್ಕೊಡು."

ಸಡಿಲವೇನೂ ಇರಲಿಲ್ಲ. ಬೇರೆ ಗಿರಾಕಿಯಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಎದೆಯಲ್ಲೊಂದು ಮುಳ್ಳು ಆಡಿದಂತಾಯಿತು, ಅದರ ಹಿಂದೆಯೇ ದೊಡ್ಡ ಸಮಾಧಾನ. ಆ ಸಾಲು ಬಿಚ್ಚಿ ಮತ್ತೆ ಹೊಲಿದುಕೊಟ್ಟೆ. ಅಣ್ಣ ಅದನ್ನೂ ನಂಬದೆ ಇನ್ನೊಮ್ಮೆ ಜಗ್ಗಿ ನೋಡಿದ.