ಅಣ್ಣನ ಹೆಸರು ಕೂಗಿದಾಗ

ದೆವ್ವ, ಪ್ರೇತ ಎಂದರೆ ನಗುತ್ತಿದ್ದವನು ನಾನು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದ ನೆಂಟರು ಅಂಥ ಕಥೆ ತೆಗೆದರೆ, ‘ಅವಕ್ಕೂ ಲೋಕಲ್ ಟ್ರೇನಿನ ಪಾಸ್ ಉಂಟಾ?’ ಎಂದು ಕಾಲೆಳೆಯುತ್ತಿದ್ದೆ. ಈಗ ಎಳೆಯುವುದಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಅಣ್ಣ ಸದಾನಂದ ಇಲ್ಲಿಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿದ್ದ. ಕೆಲವು ವರ್ಷಗಳ ಹಿಂದೆ ಅಲ್ಲಿ ಬೆಂಕಿ ಬಿದ್ದ ದಿನ, ಬೆಳಿಗ್ಗೆ ಡಬ್ಬಿ ಹಿಡಿದು ಹೋದವನ ಒಂದು ಎಲುಬೂ ಸಿಗಲಿಲ್ಲ. ಅವನು ಅಂದು ಕೆಲಸಕ್ಕೇ ಬಂದಿಲ್ಲ ಎಂದರು ಮಾಲೀಕರು. ಪೊಲೀಸರು ಅವರ ಕಿಸೆಯಲ್ಲಿದ್ದರು. ಮನೆ ಬಿಟ್ಟು ಓಡಿಹೋದವನು ಎಂದು ಬರೆದು ಕೈತೊಳೆದುಕೊಂಡರು. ಅತ್ತಿಗೆ ಕರಿಮಣಿ ತೆಗೆಯುವಂತಿಲ್ಲ, ಇಟ್ಟುಕೊಂಡರೆ ‘ಗಂಡ ಬಿಟ್ಟವಳು’ ಎಂಬ ಮಾತು. ಅಣ್ಣ ಒಳಗಿದ್ದ ಎಂದು ಸಾಬೀತು ಮಾಡುವುದೊಂದೇ ನಮಗೆ ಉಳಿದ ದಾರಿ.

ಅವನನ್ನು ಕೆಲಸಕ್ಕೆ ಹಚ್ಚುತ್ತಿದ್ದ ಸೂಪರ್‌ವೈಸರ್ ಜಗನ್ನಾಥ ನಮ್ಮ ಉಡುಪಿ ಕಡೆಯವನೇ, ನಮ್ಮ ಮನೆಯಲ್ಲಿ ಉಂಡವನು. ಅವನಿಗೆ ಸಾನಪಾಡಾದಲ್ಲಿ ಫ್ಲ್ಯಾಟ್ ಆಯಿತು, ಬಾಯಿ ಮುಚ್ಚಿತು. ಕಲ್ಯಾಣದ ಕೋರ್ಟಿನಲ್ಲಿ ನಾವು ಹಾಕಿದ ಕೇಸಿನಲ್ಲಿ ಅವನು ಮಾಲೀಕರ ಸಾಕ್ಷಿ. ಇವನು ಸುಳ್ಳು ಹೇಳಿ ಇಳಿದರೆ ಕೇಸ್ ಮುಗಿದ ಹಾಗೆ ಎಂದಿದ್ದರು ನಮ್ಮ ವಕೀಲರು. ಅವನ ಸಾಕ್ಷಿಯ ದಿನ ನಾನೂ ಅತ್ತಿಗೆಯೂ ಕೋರ್ಟಿನೊಳಗೆ ಕುಳಿತಿದ್ದೆವು.

ಜಗನ್ನಾಥನ ಹೆಸರು ಕೂಗಬೇಕಿದ್ದ ಕೋರ್ಟಿನ ಜವಾನ, ಕಾಗದದಲ್ಲಿ ಏನು ಕಂಡನೋ, ಬಾಗಿಲಲ್ಲಿ ನಿಂತು ‘ಸದಾನಂದ ಹಾಜಿರ್ ಹೈ?’ ಎಂದು ಅಣ್ಣನ ಹೆಸರು ಕೂಗಿಬಿಟ್ಟ.

‘ಉಲ್ಲೆ’ ಎಂದು ಹೊರಗಿನಿಂದ ಉತ್ತರ ಬಂತು. ತುಳುವಿನಲ್ಲಿ, ಇದ್ದೇನೆ ಎಂದು. ಅಣ್ಣನದೇ ಸ್ವರ. ಅತ್ತಿಗೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

ನ್ಯಾಯಾಧೀಶರಿಗೂ ಕೇಳಿಸಿತ್ತು. ‘ಕೋಣ್ ಆಹೆ? ಆತ್ ಯಾ’ ಎಂದು ಒಳಗೆ ಕರೆದರು. ಯಾರೂ ಬರಲಿಲ್ಲ. ಜವಾನ ಹೊರಗೆಲ್ಲ ಹುಡುಕಿ ಬಂದು, ‘ಕೋಣಿ ನಾಹಿ ಸಾಹೇಬ್’ ಎಂದ. ಕಟಕಟೆಯ ಪಕ್ಕದಲ್ಲಿ ಬೆವರುತ್ತಿದ್ದ ಜಗನ್ನಾಥನನ್ನು ನೋಡಿ, ಈಗ ಕೇಳಿದ್ದು ಯಾವ ಭಾಷೆ, ಏನೆಂದದ್ದು ಎಂದು ನ್ಯಾಯಾಧೀಶರು ಮರಾಠಿಯಲ್ಲಿ ವಿಚಾರಿಸಿದರು.

‘ತುಳು, ಸಾಹೇಬ್. ಇದ್ದೇನೆ ಅಂದ.’

‘ಯಾರು?’

‘ಸದಾನಂದ.’

ಹಾಗೆ ಹೇಳಿದವನೇ ಜಗನ್ನಾಥ ಅಲ್ಲೇ ಕುಸಿದು ಅಳತೊಡಗಿದ. ಆ ಬೆಳಿಗ್ಗೆ ಅಣ್ಣನನ್ನು ಒಳಗೆ ಕಳಿಸಿದ್ದು ತಾನೇ ಎಂದು ಎಲ್ಲರ ಎದುರು ಒಪ್ಪಿಕೊಂಡ.

ತೀರ್ಪು ನಮ್ಮ ಕಡೆಗೇ ಆಯಿತು. ಹೊರಗೆ ಇನ್ನೊಬ್ಬ ಸದಾನಂದ ಇದ್ದಿರಬೇಕು, ಹೆದರಿ ಜಾಗ ಬಿಟ್ಟಿರಬೇಕು ಎಂದರು ವಕೀಲರು. ನಾನೂ ಹಾಗೆ ನಂಬಲು ನೋಡಿದೆ. ಹುಟ್ಟಿದಾಗಿನಿಂದ ಕೇಳಿದ ಸ್ವರ, ಬೇರೆಯವನದು ಎಂದು ನಂಬುವುದು ಹೇಗೆ? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅತ್ತಿಗೆಗೆ ಗೆದ್ದದ್ದರ ಗೊಡವೆಯೇ ಇಲ್ಲ. ಆಗಾಗ ನನ್ನನ್ನು ಕೇಳುತ್ತಾರೆ: ‘ಬಾಗಿಲಿನ ತನಕ ಬಂದವರು ಒಳಗೆ ಯಾಕೆ ಬರ್ಲಿಲ್ಲ? ನಾನು ಅಲ್ಲೇ ಇದ್ದೆನಲ್ಲ?’