ಗುರುವಾರದಕ್ಕನ ಸ್ವೆಟರ್ ಕೋಣೆ

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಆ ಊರಿನ ನಾಲ್ಕು ಸಾವಿರ ಮನೆಗಳಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿದವರ ಕಿವಿಗೆ ಒಂದು ಹೆಣ್ಣುದನಿ ಬೀಳುತ್ತಿತ್ತು: "ಪೋಷಕರಿಗೆ ನಮಸ್ಕಾರ. ಸರ್ಕಾರಿ ಶಾಲೆಗಳ ವಲಯ ಕಚೇರಿಯಿಂದ ಈ ವಾರದ ಪ್ರಕಟಣೆ." ಆಮೇಲೆ ಪರೀಕ್ಷೆ ಯಾವತ್ತು, ಯಾವ ಬಸ್ಸು ಯಾವ ದಾರಿ ಬಿಟ್ಟು ಯಾವ ದಾರಿ ಹಿಡಿಯುತ್ತದೆ, ಚುಚ್ಚುಮದ್ದಿನ ಕಾಗದಕ್ಕೆ ಸಹಿ ಹಾಕಲು ಕೊನೆಯ ದಿನ ಯಾವುದು, ಹೀಗೆ ಹನ್ನೊಂದು ಶಾಲೆಗಳ ಸಮಾಚಾರ ಎರಡು ನಿಮಿಷದಲ್ಲಿ. ಹತ್ತೊಂಬತ್ತು ವರ್ಷದಿಂದ ಅದೇ ದನಿ. ದನಿಯ ಒಡತಿಗೆ ಊರು ಇಟ್ಟ ಹೆಸರು ಗುರುವಾರದಕ್ಕ.

ಅವಳ ಮುಖ ಗೊತ್ತಿದ್ದವರು ಕಡಿಮೆ. ಬಾಯಿ ತೆರೆದರೆ ಮಾತ್ರ ಪತ್ತೆ. ಅಂಗಡಿಯಲ್ಲಿ "ಒಂದು ಸೋಪು ಕೊಡಿ" ಎಂದರೆ ಸಾಕು, ಪಕ್ಕದಲ್ಲಿ ನಿಂತ ಹೆಂಗಸು ಬೆಚ್ಚಿಬಿದ್ದು, "ಅಯ್ಯೋ ಅಕ್ಕಾ, ಆ ಫಾರಂ ಇನ್ನೂ ತುಂಬಿಲ್ಲ, ನಾಳೆ ಖಂಡಿತ ಕಳಿಸ್ತೀನಿ" ಎನ್ನುತ್ತಿದ್ದಳು. ಅಂಗಡಿಯವನು ಸೋಪಿನ ಜೊತೆಗೆ ತನ್ನ ಮಗನ ಗೈರುಹಾಜರಿಗೆ ಮೂರು ಕಾರಣಗಳನ್ನೂ ಕಟ್ಟಿಕೊಡುತ್ತಿದ್ದ. ಅವಳು ಸೋಪನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದಳು.

ಅವಳು ಕಚೇರಿಗೆ ಬಂದದ್ದು ಟೈಪಿಸ್ಟಾಗಿ. ಆಗ ಪ್ರಕಟಣೆ ಓದುತ್ತಿದ್ದವರು ನಿವೃತ್ತಿಯ ಅಂಚಿನಲ್ಲಿದ್ದ ಡ್ರಿಲ್ ಮಾಸ್ತರರು. ರಜೆಯ ಸುದ್ದಿಯನ್ನೂ ಅವರು ಎಡ-ಬಲ ಹೆಜ್ಜೆ ಹಾಕಿಸುವವರಂತೆ ಕೂಗುತ್ತಿದ್ದರು. ತೊಟ್ಟಿಲ ಕೂಸುಗಳು ಎದ್ದು ಅಳುತ್ತಿದ್ದವು. ಒಂದು ಗುರುವಾರ ಅವರಿಗೆ ಗಂಟಲು ಕಟ್ಟಿತು. "ಇವತ್ತೊಂದಿನ ನೀನೇ ಓದಿಬಿಡಮ್ಮ" ಎಂದರು. ಆ ಒಂದು ದಿನವೇ ಹತ್ತೊಂಬತ್ತು ವರ್ಷವಾಯಿತು.

ಕಚೇರಿಯ ಮುಂದಿನ ಹಾಲ್‌ನಲ್ಲಿ ಓದಿದರೆ ಗೋಡೆಗಳು ಮಾತನ್ನು ವಾಪಸ್ಸು ಎಸೆಯುತ್ತಿದ್ದವು. ಜಾಗ ಹುಡುಕುತ್ತಾ ಅವಳು ಹಿಂಬದಿಯ ಕೋಣೆಯೊಂದರ ಬಾಗಿಲು ನೂಕಿದ್ದಳು. ಹನ್ನೊಂದು ಶಾಲೆಗಳ ಮಕ್ಕಳು ಮರೆತುಬಿಟ್ಟು, ತಿಂಗಳಾದರೂ ಯಾರೂ ಕೇಳದ ಸಾಮಾನುಗಳೆಲ್ಲ ಬಂದು ಸೇರುವ ಕೋಣೆ ಅದು. ಗೂಟಗಳ ಮೇಲೆ ಇನ್ನೂರು ಮುನ್ನೂರು ಸ್ವೆಟರು, ಕೋಟು, ರೇನ್‌ಕೋಟು. ಕೆಳಗೆ ಊಟದ ಡಬ್ಬಿ, ಛತ್ರಿ, ಒಂಟಿ ಶೂಗಳು. ಅಲ್ಲಿ "ನಮಸ್ಕಾರ" ಎಂದು ನೋಡಿದಳು. ಉಣ್ಣೆ ಮಾತನ್ನು ನುಂಗಿಕೊಂಡು ಮೆತ್ತಗೆ ಮಾಡಿತು. ಅಂದಿನಿಂದ ಅದೇ ಅವಳ ಕೋಣೆ.

ಮೇಲಿನ ಚಿಕ್ಕ ಕಿಟಕಿಯಿಂದ ಹಾಲಿನಂಥ ಬೆಳಕು ಇಳಿಯುತ್ತಿತ್ತು. ಸೀಮೆಸುಣ್ಣದ, ಪೆನ್ಸಿಲ್ ಹೆರೆದ ಪುಡಿಯ, ಒಣಗಿದ ಮಳೆಯ ವಾಸನೆ. ಓದುತ್ತಾ ಓದುತ್ತಾ ಅವಳಿಗೆ ಸ್ವೆಟರುಗಳ ತೋಳುಗಳೆಲ್ಲ ಕೊಂಚ ಮುಂದಕ್ಕೆ ಬಾಗಿ ಕೇಳುತ್ತಿವೆ ಅನ್ನಿಸುತ್ತಿತ್ತು. ಪ್ರಕಟಣೆ ಮುಗಿಸಿ, ಗುಂಡಿ ಒತ್ತಿ ದನಿ ತುಂಬಿಸಿಕೊಳ್ಳುವ ಯಂತ್ರ ನಿಲ್ಲಿಸಿದ ಮೇಲೆ ಅವಳದೊಂದು ಖಾಸಗಿ ಪದ್ಧತಿಯಿತ್ತು: ವಾರಕ್ಕೊಂದು ಸಾಮಾನನ್ನು ಮಡಿಲಿಗೆ ತೆಗೆದುಕೊಂಡು ಅದರ ಜೊತೆ ಐದು ನಿಮಿಷ ಮಾತು. ಯಾರೂ ಕೇಳುವವರಿರಲಿಲ್ಲ. ಮಾತಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಯಾವುದಿದೆ?

ಹೀಗಿರುವಾಗ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಆದರೆ ಅಂಕಿ ಕಂಡರೆ ಕಣ್ಣು ಮಿನುಗುವ ಜಾತಿ. ಗಾಜಿನ ಮುಖದ ಹೊಸ ಯಂತ್ರ ತರಿಸಿದರು. ಮಾತು ತುಂಬಿಸಿಟ್ಟರೆ ಮೂರು ಗಂಟೆಗೆ ಅದು ತಾನಾಗಿಯೇ ಎಲ್ಲರಿಗೂ ಕಳಿಸುತ್ತಿತ್ತು. ಅಷ್ಟೇ ಆಗಿದ್ದರೆ ಸರಿ. ಯಾರು ಎಷ್ಟು ಹೊತ್ತು ಕೇಳಿದರು ಎಂದೂ ಅದು ಚಾಡಿ ಹೇಳುತ್ತಿತ್ತು.

"ಹನ್ನೆರಡು ಸೆಕೆಂಡಮ್ಮ," ಎಂದರು ಸಾಹೇಬರು. "ಸಾಮಾನ್ಯವಾಗಿ ಜನ ಅಷ್ಟೇ ಕೇಳ್ತಾರೆ. ಆಮೇಲೆ ಕಟ್."

"ಸಾರ್, ನಮಸ್ಕಾರ ಮುಗಿಯೋಕೇ ಏಳು ಸೆಕೆಂಡು ಬೇಕು."

"ಅದೇ ನೋಡಿ. ಉಳಿದ ಐದರಲ್ಲಿ ನೀವು ಕಚೇರಿ ಹೆಸರು ಹೇಳಿರ್ತೀರಿ." ಅವರು ಕನ್ನಡಕ ತೆಗೆದು ಒರೆಸಿದರು. "ನಾಲ್ಕು ವಾರ ನೋಡೋಣ. ನಾಲ್ಕನೇ ಗುರುವಾರಕ್ಕೆ ಅರ್ಧದಷ್ಟು ಮನೆಯವರಾದ್ರೂ ಕೊನೇವರೆಗೆ ಕೇಳಬೇಕು. ಇಲ್ಲಾಂದ್ರೆ ಮುಂದಿನ ತಿಂಗಳಿಂದ ಕಂಪ್ಯೂಟರ್ ದನೀನೇ ಓದುತ್ತೆ. ನಿಮಗೆ ಆವಕ-ಜಾವಕ ವಿಭಾಗ."

ಆವಕ-ಜಾವಕ ಎಂದರೆ ನೆಲಮಾಳಿಗೆ. ಬಂದ ಕಾಗದಕ್ಕೊಂದು ಮುದ್ರೆ, ಹೋಗುವ ಕಾಗದಕ್ಕೊಂದು ಮುದ್ರೆ. ಅಲ್ಲಿನ ಗುಮಾಸ್ತರು ಬೆಳಗ್ಗೆ ಬಾಯಿ ಮುಚ್ಚಿದರೆ ತೆರೆಯುವುದು ಆಕಳಿಸಲು ಮಾತ್ರ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ದರ್ಜಿ, ಮನೆಯ ಕೆಳಗೇ ಅಂಗಡಿ. ಮಗಳು ಒಂಬತ್ತನೇ ತರಗತಿಯಲ್ಲಿದ್ದುದರಿಂದ ಗುರುವಾರದ ಫೋನು ಅವನಿಗೂ ಬರುತ್ತಿತ್ತು.

"ರೀ, ನೀವಾದ್ರೂ ಪೂರ್ತಿ ಕೇಳ್ತೀರಲ್ವಾ?"

ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದ. ಅಷ್ಟು ಹೊತ್ತು ಉತ್ತರ ಯೋಚಿಸಿದ. "ನಮಸ್ಕಾರ ಅಂದ ಕೂಡಲೇ ನೀನು ಚೆನ್ನಾಗಿದೀಯ ಅಂತ ಗೊತ್ತಾಗುತ್ತಲ್ಲ. ನನಗೆ ಅಷ್ಟು ಸಮಾಚಾರ ಸಾಕು."

"ಅಪ್ಪ ಜಾಣ," ಎಂದಳು ಮಗಳು ಪುಸ್ತಕದಿಂದ ತಲೆ ಎತ್ತದೆ. "ಅಮ್ಮಾ, ಮುಖ್ಯವಾದದ್ದನ್ನ ಕೊನೇಲಿ ಇಡು. ಆಗ ಕೇಳಲೇಬೇಕಾಗುತ್ತೆ."

ಮೊದಲ ವಾರ ಅವಳು ವೇಗವಾಗಿ ಓದಿದಳು. ಕೊನೆಯವರೆಗೆ ಕೇಳಿದ ಮನೆ ನೂರಕ್ಕೆ ಹತ್ತೊಂಬತ್ತು. ಎರಡನೆಯ ವಾರ ಪರೀಕ್ಷೆಯ ದಿನಾಂಕವನ್ನು ಕೊನೆಗೆ ಇಟ್ಟಳು. ಇಪ್ಪತ್ತೆರಡು, ಜೊತೆಗೆ ಪರೀಕ್ಷೆ ಯಾವತ್ತು ಎಂದು ಕೇಳಿಕೊಂಡು ಕಚೇರಿಗೆ ಮುನ್ನೂರು ಫೋನು.

ಮೂರನೆಯ ಗುರುವಾರ ಮಂಜು ಕವಿದಿತ್ತು. ಕೋಣೆಯ ಕಿಟಕಿ ಬಿಳಿ ಕಾಗದದಂತಿತ್ತು. ಚಳಿಗೆ ಅವಳು ಎಂದಿನಂತೆ ಸಾಮಾನುಗಳ ಬುಟ್ಟಿಯಿಂದ ಒಂಟಿ ಕೈಗವಸೊಂದನ್ನು ತೆಗೆದು ಬಲಗೈಗೆ ಹಾಕಿಕೊಂಡಳು. ಕೆಂಪು ಬಣ್ಣದ್ದು, ಜೋಡಿ ಇಲ್ಲದ್ದು, ಐದು ವರ್ಷದಿಂದ ಅವಳ ಚಳಿಗಾಲದ ಸಂಗಾತಿ. ಎಡಗೈ ಬೆರಳಿಂದ ಯಂತ್ರ ಶುರು ಮಾಡಿ, ನಾಲ್ಕನೇ ನಂಬರಿನ ಬಸ್ಸು ಸೇತುವೆ ಮೇಲೆ ಹೋಗುವುದಿಲ್ಲ, ಪೋಷಕರ ಸಭೆ ಸೋಮವಾರ ಎಂದೆಲ್ಲ ಓದಿ, ಬಲಗೈಯಿಂದ ಗುಂಡಿ ಒತ್ತಿದಳು.

ಹಳೆಯ ಯಂತ್ರದ ಗುಂಡಿ ಕೈಗವಸಿಗೂ ಬಗ್ಗುತ್ತಿತ್ತು. ಹೊಸ ಯಂತ್ರದ ಗಾಜಿಗೆ ಉಣ್ಣೆಯ ಬೆರಳು ಬೆರಳೇ ಅಲ್ಲ. ಅದು ನಿಲ್ಲಲಿಲ್ಲ.

ಗುರುವಾರದಕ್ಕ ಹಳದಿ ಸ್ವೆಟರೊಂದನ್ನು ಮಡಿಲಿಗೆಳೆದುಕೊಂಡಳು. ನಿದ್ದೆಯ ಅಂಚಿನ ದನಿಯಲ್ಲಿ ಶುರು ಮಾಡಿದಳು. "ಬಾ ಇಲ್ಲಿ. ಎಡತೋಳು ಯಾಕೆ ಹೀಗೆ ಅಗಿಸಿಕೊಂಡಿದೀಯ? ಲೆಕ್ಕದ ಪಿರಿಯಡ್ಡಾ? ಇಲ್ಲಿ ನೋಡು, ಅಂಚು ಎರಡು ಸಲ ಬಿಚ್ಚಿ ಉದ್ದ ಮಾಡಿದಾರೆ. ಇಷ್ಟು ಕಷ್ಟಪಟ್ಟ ಕೈ ನಿನ್ನ ಹುಡುಕದೇ ಇರುತ್ತಾ? ಕಳೆದುಹೋಯ್ತು ಅಂತ ನಿಮ್ಮ ಹುಡುಗ ಮನೇಲಿ ಹೇಳೇ ಇಲ್ಲ, ಬೈಗುಳಕ್ಕೆ ಹೆದರಿ. ಅಷ್ಟೇ." ಒಂದು ಉದ್ದ ಆಕಳಿಕೆ. "ಸೇತುವೆ ಮೇಲೆ ಬಸ್ಸು ಇಲ್ವಂತೆ. ಪಾಪ, ಆ ಡ್ರೈವರಣ್ಣ ದಿನಾ ಅಲ್ಲಿ ನಿಧಾನ ಮಾಡ್ತಿದ್ದದ್ದು ಬಾತುಕೋಳಿ ನೋಡೋಕೆ. ಹುಡುಗರೆಲ್ಲ ಒಂದೇ ಕಡೆ ಬಂದು ಬಸ್ಸು ವಾಲ್ತಿತ್ತು." ಹಳದಿ ತೋಳನ್ನು ಸವರಿದಳು. "ನಮ್ಮದೂ ಇನ್ನೊಂದೇ ವಾರ ಕಣಪ್ಪ. ಜನ ಹನ್ನೆರಡೇ ಸೆಕೆಂಡು ಕೇಳೋದಂತೆ. ನಾನು ಕೆಳಗೆ ಮುದ್ರೆ ಒತ್ತೋಕೆ ಹೋದ್ರೆ ನಿಮಗೆಲ್ಲ ಯಾರು ಓದಿ ಹೇಳ್ತಾರೆ? ಸಾಹೇಬರು ಒಳ್ಳೆಯವರೇ. ಆದ್ರೆ ಕನ್ನಡಕ ಒರೆಸಿ ಒರೆಸಿ ಸೆಕೆಂಡು ಬಿಟ್ರೆ ಬೇರೆ ಏನೂ ಕಾಣಲ್ಲ ಅವರಿಗೆ."

ಆಮೇಲೆ ಏನೋ ಗುನುಗಿದಳು. ನಿದ್ದೆ ಹೋದಳು. ಯಂತ್ರ ತನ್ನ ಹೊತ್ತಿನವರೆಗೆ ತುಂಬಿಕೊಂಡು, ಮೂರು ಗಂಟೆಗೆ ಎಲ್ಲವನ್ನೂ, ಗೊರಕೆಯ ಮೊದಲ ಎಳೆಯ ಸಮೇತ, ನಾಲ್ಕು ಸಾವಿರ ಮನೆಗೆ ತಲುಪಿಸಿತು.

ಶುಕ್ರವಾರ ಬೆಳಗ್ಗೆ ಕಚೇರಿಯ ಮೊಗಸಾಲೆಯಲ್ಲಿ ಸಾಲು. ಮೊದಲು ನಿಂತಿದ್ದವನು ನಾಲ್ಕನೇ ಬಸ್ಸಿನ ಡ್ರೈವರು.

"ಅಕ್ಕಾ, ಒಂದು ತಿದ್ದುಪಡಿ. ಅದು ಬಾತುಕೋಳಿ ಅಲ್ಲ, ನೀರುಕೋಳಿ. ಮುಂದಿನ ವಾರ ಸರಿ ಮಾಡಿ ಹೇಳಿಬಿಡಿ."

ಅವನ ಹಿಂದೆ ನರ್ಸ್ ಸಮವಸ್ತ್ರದ ಹೆಂಗಸು. "ಹಳದಿ ಸ್ವೆಟರು ನಮ್ಮದು. ನಾನು ಬೈತೀನಿ ಅಂತ ಮಗ ಹೇಳಿರಲಿಲ್ಲವಂತೆ. ನಿನ್ನೆ ಬೈದೆ. ಈಗ ಅದು ಅವನಿಗೆ ಮೊಣಕೈವರೆಗೆ ಬರುತ್ತೆ. ಆದ್ರೂ ಕೊಡಿ." ಅಂಚಿನ ಹೊಲಿಗೆಯನ್ನು ಹೆಬ್ಬೆರಳಿಂದ ಸವರಿ, "ಎರಡು ಸಲ ಅಲ್ಲ, ಮೂರು," ಎಂದಳು.

ವಾರವಿಡೀ ಜನ ಬಂದರು. ಕೋಣೆಯೊಳಗೆ ನಿಂತು ತೋಳುಗಳನ್ನು ಎತ್ತಿ ನೋಡಿದರು, ಮೂಸಿ ನೋಡಿದರು. ತಮ್ಮದನ್ನು ಒಯ್ದರು, ಕೆಲವರು ತಮ್ಮದಿರಬಹುದಾದದ್ದನ್ನೂ ಒಯ್ದರು.

ಸಾಹೇಬರು ಅವಳನ್ನು ಕರೆಸಿದರು. ಕನ್ನಡಕ ಒರೆಸಲು ಹೋದ ಕೈ ಅರ್ಧಕ್ಕೇ ನಿಂತಿತು. "ನೂರಕ್ಕೆ ಎಂಬತ್ತೊಂದು ಮನೆ. ಕೊನೇವರೆಗೆ."

"ಹಾಗಾದ್ರೆ ಸಾರ್..."

"ಆದ್ರೆ ಇದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲಮ್ಮ. ಇದು ಪ್ರಕಟಣೆ ಅಲ್ಲ, ತಪ್ಪು. ನಾಲ್ಕನೇ ಗುರುವಾರ ಇದೆಯಲ್ಲ, ಅದರ ಅಂಕಿಯೇ ಅಂಕಿ." ಅವಳು ಹೊರಡುವಾಗ ಮೆಲ್ಲಗೆ ಕೇಳಿದರು: "ಅದು ನಿಜವಾಗ್ಲೂ ನೀರುಕೋಳೀನಾ?"

ನಾಲ್ಕನೆಯ ಗುರುವಾರ ಮಧ್ಯಾಹ್ನ ಅವಳು ಕೋಣೆಗೆ ಹೋದರೆ ಬರಿಯ ಗೂಟಗಳು. ಬುಟ್ಟಿಯ ತಳದಲ್ಲಿ ಕೆಂಪು ಕೈಗವಸೊಂದೇ. "ನಮಸ್ಕಾರ" ಎಂದಳು. ನಾಲ್ಕೂ ಗೋಡೆ "ಸ್ಕಾರ, ಸ್ಕಾರ" ಎಂದವು. ಯಂತ್ರದಲ್ಲಿ ತುಂಬಿಸಿ ಕೇಳಿದರೆ ಬಾವಿಗೆ ಬಿದ್ದವಳು ನೆರವು ಕೇಳಿದಂತಿತ್ತು. ಹನ್ನೆರಡಲ್ಲ, ನಾಲ್ಕು ಸೆಕೆಂಡು ಕೇಳಿದರೆ ಹೆಚ್ಚು. ಹತ್ತೊಂಬತ್ತು ವರ್ಷ ತನ್ನ ದನಿ ಚೆನ್ನಾಗಿದೆ ಅಂದುಕೊಂಡಿದ್ದಳು. ಅರ್ಧ ಚೆಂದ ಸ್ವೆಟರುಗಳದಾಗಿತ್ತು.

ಗಂಡನಿಗೆ ಫೋನು ಮಾಡಿದಳು. "ರೀ, ಕೋಣೆ ಖಾಲಿ. ಬಾವಿ ಥರ ಕೇಳುತ್ತೆ. ಆಯ್ತು, ನಾನು ನೆಲಮಾಳಿಗೆಗೆ."

"ಎಷ್ಟು ಗೂಟ ಇದೆ?" ಎಂದ ದರ್ಜಿ.

"ಏನು?"

"ಗೂಟ ಎಣಿಸೇ, ಆಮೇಲೆ ಅಳು."

ಅರ್ಧ ಗಂಟೆಗೆ ಅವನು ಎರಡು ದೊಡ್ಡ ಗಂಟು ಹೊತ್ತು ಬಂದ. ಹೊಲಿಯಲು ಕೊಟ್ಟು ಗಿರಾಕಿಗಳು ಮರೆತುಹೋದ ಬಟ್ಟೆಗಳು. ದರ್ಜಿಯ ಅಂಗಡಿಯಲ್ಲಿ ಅದಕ್ಕೇನು ಬರ: ದಪ್ಪಗಾದವರ ಪ್ಯಾಂಟು, ಮುರಿದುಬಿದ್ದ ಮದುವೆಯ ಕೋಟು, ಮನಸ್ಸು ಬದಲಾದವರ ಲಂಗ, ವರ್ಗವಾಗಿ ಹೋದ ಪೊಲೀಸಿನವನ ಮೇಲಂಗಿ.

"ಇಷ್ಟೊಂದಾ!" ಎಂದಳು ಅವಳು.

"ನಿನಗೆ ಮಾತ್ರಾನಾ ಮರೆವಿನ ಜನ ಸಿಗೋದು?" ಅವನು ಕೋಟಿನ ಭುಜ ನೇರ ಮಾಡಿ ಗೂಟಕ್ಕೆ ಹಾಕಿದ. "ಇದಕ್ಕೆ ಏಳು ವರ್ಷ. ಹುಡುಗಿ ಬೇಡ ಅಂದ್ಲಂತೆ. ಓದು ಈಗ. ಇವು ದೊಡ್ಡವರ ಬಟ್ಟೆ, ಸ್ವಲ್ಪ ಗಂಭೀರವಾಗಿ ಕೇಳ್ತವೆ." ಅಂಗಡಿ ತೆರೆದಿಟ್ಟು ಬಂದೆ ಎಂದು ಓಡಿದ.

"ನಮಸ್ಕಾರ" ಎಂದಳು. ಮಾತು ಮೆತ್ತಗೆ ಮಡಿಚಿಕೊಂಡು ಕೂತಿತು.

ಪರೀಕ್ಷೆಯ ದಿನ ಓದಿದಳು, ಹಲ್ಲಿನ ತಪಾಸಣೆ ಓದಿದಳು. ಬಸ್ಸಿನ ವಿಷಯದಲ್ಲಿ, "ಸೇತುವೆಯ ಬಳಿ ಇರುವುದು ನೀರುಕೋಳಿ ಎಂದು ಪೋಷಕರು ತಿದ್ದಿಕೊಳ್ಳಬೇಕು" ಎಂದು ಸೇರಿಸಿದಳು. ಆಮೇಲೆ ನಿಲ್ಲಿಸಬೇಕಿತ್ತು. ಬೆರಳು ಗಾಜಿನ ಮೇಲೆಯೇ ಇತ್ತು, ಈ ಸಲ ಬರಿಬೆರಳು. ತಪ್ಪಾಗಿ ಹೋದರೆ ಲೆಕ್ಕಕ್ಕಿಲ್ಲ ಎಂದರಲ್ಲವೇ ಸಾಹೇಬರು? ಹಾಗಾದರೆ ಪ್ರಕಟಣೆಯಾಗಿಯೇ ಹೋಗಲಿ.

"ಕೊನೆಯದಾಗಿ, ಕಳೆದು ಸಿಕ್ಕಿದ ಒಂದು ವಸ್ತು. ಕೆಂಪು ಕೈಗವಸು, ಬಲಗೈಯದ್ದು. ಹೆಬ್ಬೆರಳ ತುದಿಯಲ್ಲಿ ಶಾಯಿ ಕಲೆ. ಐದು ಚಳಿಗಾಲದಿಂದ ಇದನ್ನು ಹಾಕಿಕೊಂಡೇ ನಿಮಗೆ ಓದಿ ಹೇಳಿದ್ದೇನೆ, ಕ್ಷಮಿಸಬೇಕು. ಇದರ ಮಗುವಿಗೆ ಈಗ ದೊಡ್ಡ ಕೈಗಳಿರಬಹುದು. ಎಡಗೈಯದ್ದು ಯಾರ ಮನೆಯ ಯಾವ ಪೆಟ್ಟಿಗೆಯ ತಳದಲ್ಲಿದೆಯೋ, ಅದನ್ನು ಎಸೆಯಬೇಡಿ. ಒಂದು ಕೈ ಇಲ್ಲಿ ಬೆಚ್ಚಗಿದೆ ಎಂದು ಅದಕ್ಕೆ ತಿಳಿಸಿ."

ಬೆರಳು ಒತ್ತಿದಳು. ಯಂತ್ರ ನಿಂತಿತು.

ಮೂರು ಹೊಡೆಯುವಾಗ ಅವಳು ಮನೆಯ ಬೀದಿಯಲ್ಲಿದ್ದಳು. ಯಂತ್ರ ಎಲ್ಲರಿಗೂ ಒಟ್ಟಿಗೆ ಕರೆ ಮಾಡುವುದಿಲ್ಲ, ಸರದಿಯಂತೆ. ಹಾಗಾಗಿ ಒಂದು ಕಿಟಕಿಯಲ್ಲಿ ಅವಳು ನಮಸ್ಕಾರ ಹೇಳುತ್ತಿದ್ದಳು, ಮುಂದಿನದರಲ್ಲಿ ಹಲ್ಲು ತೋರಿಸಲು ಕರೆಯುತ್ತಿದ್ದಳು, ಎದುರು ಮಹಡಿಯಲ್ಲಿ ನೀರುಕೋಳಿಯ ಹತ್ತಿರ ಬಂದಿದ್ದಳು. ಕ್ಷೌರದಂಗಡಿಯಲ್ಲಿ ಕತ್ತರಿ ಗಾಳಿಯಲ್ಲೇ ನಿಂತಿತ್ತು. ತಾನೇ ಬೀದಿಯ ತುಂಬ ಹರಡಿ, ತನ್ನ ನಡುವೆ ತಾನೇ ನಡೆದು ಹೋಗುತ್ತಿರುವಂತೆ, ಕಾಲು ನೆಲಕ್ಕೆ ತಾಕುತ್ತಿದೆಯೋ ಇಲ್ಲವೋ ಎಂಬಂತೆ ಅವಳು ನಡೆದಳು. ಮರುದಿನ ಸಾಹೇಬರ ಚೀಟಿಯಲ್ಲಿ ನೂರಕ್ಕೆ ಐವತ್ತೆಂಟು ಎಂದಿರುತ್ತದೆ, ಅದರ ಕೆಳಗೆ "ಕಳೆದು ಸಿಕ್ಕಿದ ವಸ್ತು, ವಾರಕ್ಕೆ ಒಂದು ಮಾತ್ರ" ಎಂಬ ಆಜ್ಞೆಗೆ ಸಹಿಯೂ ಇರುತ್ತದೆ ಎಂಬುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಅಂಗಡಿಯ ಮುಂದೆ ಬಂದಾಗ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ದರ್ಜಿ ಕಾಲನ್ನು ಪೆಡಲಿನ ಮೇಲಿಟ್ಟು, ಫೋನನ್ನು ಕಿವಿಗೊತ್ತಿಕೊಂಡು ಕೂತಿದ್ದ. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು.

"ರೀ, ಬಂದೆ," ಎಂದಳು.

ಅವನು ತಿರುಗಿ ನೋಡದೆ ಬೆರಳನ್ನು ತುಟಿಗೆ ಇಟ್ಟ.

"ಶ್. ಸುಮ್ನಿರು. ಇನ್ನೂ ಮುಗಿದಿಲ್ಲ."